ಬಂಡೀಪುರದಿಂದ ಮಾದಪ್ಪನ ಬೆಟ್ಟಕ್ಕೆ: ಕಾಡಂಚಿನ ದಾರಿಯಲ್ಲಿ

ಗುರುವಾರ, ಗುಂಡ್ಲುಪೇಟೆ

2025ರ ಫೆಬ್ರವರಿ. ನಂಜನಗೂಡು, ಬೇಗೂರು ದಾಟಿ ಗುಂಡ್ಲುಪೇಟೆ ಮುಟ್ಟುವಾಗ ಸಂಜೆಯಾಗಿತ್ತು. ಜೊತೆಗೆ ಕಾಲೇಜು ದಿನಗಳ ಗೆಳೆಯ. ಹುಲಿ ಕಂಡರೆ ಸಂತೋಷವೇ, ಆದರೆ ಈ ಸಲ ಅದಕ್ಕೆಂದೇ ಹೊರಟಿರಲಿಲ್ಲ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಮೂರೂ ಚಾಮರಾಜನಗರ ಜಿಲ್ಲೆಯಲ್ಲೇ ಇವೆ. ಮೂರೂ ಕಡೆ ಕಾಡಿನ ಕಾನೂನು ಇದೆ, ಪ್ರವಾಸಿಗರೂ ಬರುತ್ತಾರೆ, ಕಾಡನ್ನೇ ನಂಬಿದ ಜನರೂ ಇದ್ದಾರೆ. ಈ ಮೂರೂ ಒಟ್ಟಿಗೆ ಹೇಗೆ ನಡೆಯುತ್ತಿವೆ ಅಂತ ನಿಧಾನವಾಗಿ ನೋಡಬೇಕಿತ್ತು.

ರಾತ್ರಿ ಊಟಕ್ಕೆ ಮುಂಚೆ ಕೇರಳದ ರಸ್ತೆಯಲ್ಲಿ ಮದ್ದೂರು ಚೆಕ್‌ಪೋಸ್ಟ್‌ವರೆಗೆ ಹೋಗಿ ಬಂದೆವು. ಎಂಟೂವರೆ ಆದಮೇಲೆ ಅಲ್ಲಿ ಗಡಿಬಿಡಿ ಶುರುವಾಗುತ್ತದೆ. ಟೊಮೆಟೊ, ಕೋಸು, ಬಾಳೆ ತುಂಬಿದ ಲಾರಿಗಳು ಒಂದರ ಹಿಂದೆ ಒಂದು ಓಡೋಡಿ ಬರುತ್ತವೆ. ಒಂಬತ್ತಕ್ಕೆ ಗೇಟು ಬಿದ್ದರೆ ಮತ್ತೆ ತೆಗೆಯುವುದು ಬೆಳಿಗ್ಗೆ ಆರಕ್ಕೆ. ಆಂಬುಲೆನ್ಸ್‌ಗೆ ಮತ್ತು ಬೆರಳೆಣಿಕೆಯ ಸರ್ಕಾರಿ ಬಸ್ಸಿಗೆ ಮಾತ್ರ ದಾರಿ. 2009ರಲ್ಲಿ ಜಿಲ್ಲಾಡಳಿತ ತಂದ ಈ ನಿಯಮವನ್ನು 2010ರಲ್ಲಿ ಹೈಕೋರ್ಟ್ ಎತ್ತಿ ಹಿಡಿಯಿತು. ರಾತ್ರಿ ವಾಹನಗಳಿಗೆ ಸಿಕ್ಕಿ ಜಿಂಕೆ, ಚಿರತೆ, ಆನೆ ಸಾಯುತ್ತಿದ್ದವು, ಅದನ್ನು ತಡೆಯಲು. ವಯನಾಡಿನ ಜನ ಇದನ್ನು ಇವತ್ತಿಗೂ ಒಪ್ಪಿಲ್ಲ. ಅವರಿಗೆ ತೊಂದರೆಯಿದೆ, ಸುಳ್ಳಲ್ಲ. ಹುಣಸೂರು, ಗೋಣಿಕೊಪ್ಪ, ಕುಟ್ಟ ಮೇಲಿನ ಬದಲಿ ದಾರಿ ಸುತ್ತು.

ಗೇಟಿಗೆ ತಡವಾಗಿ ಬಂದು ಲಾರಿ ಪಕ್ಕಕ್ಕೆ ಹಾಕಿಕೊಂಡ ಡ್ರೈವರ್ ಒಬ್ಬರನ್ನು ಮಾತಾಡಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ಸುರೂನಲ್ಲಿ ಕಷ್ಟ ಆಯ್ತು ಸಾರ್. ಈಗ ಮಂಡಿಯವರೇ ಲೋಡು ಬೇಗ ಮುಗಿಸ್ತಾರೆ. ಇವತ್ತು ಟಯರ್ ಪಂಚರ್ ಆಗಿ ತಡ ಆಯ್ತು, ಅಷ್ಟೆ" ಅಂದರು. ಹೊಸ ನಿಯಮ ಬಂದಾಗ ಯಾರಿಗೇ ಆಗಲಿ ಏಟು ಬೀಳುತ್ತದೆ. ಆದರೆ ನಿಯಮ ಗಟ್ಟಿಯಾಗಿ ನಿಂತರೆ, ದಿನಕ್ಕೊಂದು ವಿನಾಯಿತಿ ಕೊಡದಿದ್ದರೆ, ವ್ಯಾಪಾರ ತನ್ನ ದಾರಿ ಹುಡುಕಿಕೊಳ್ಳುತ್ತದೆ. ಈ ಗೇಟು ಹೀಗೇ ಇರಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಶುಕ್ರವಾರ, ಬಂಡೀಪುರ

ಸಫಾರಿ ಕೌಂಟರ್ ಈಗ ಕಾಡೊಳಗೆ ಇಲ್ಲ, ಮೇಲುಕಾಮನಹಳ್ಳಿಗೆ ತಂದಿದ್ದಾರೆ. ಒಳ್ಳೆ ಕೆಲಸ. ಟಿಕೆಟ್‌ಗೆ ನಿಲ್ಲೋ ಜನ, ಪಾರ್ಕಿಂಗ್, ಟೀ ಅಂಗಡಿ ಎಲ್ಲ ಕಾಡಿನ ಹೊರಗೇ ಉಳಿಯುತ್ತವೆ. ಬೆಳಿಗ್ಗೆಯ ಬಸ್ಸಿನಲ್ಲಿ ಕೂತೆವು. ರಸ್ತೆಯ ಎರಡೂ ಬದಿ ಹುಲ್ಲು ಸುಟ್ಟು ಕಪ್ಪಗಾಗಿತ್ತು. ಪಕ್ಕದಲ್ಲಿದ್ದವರು "ಬೆಂಕಿ ಬಿದ್ದಿದೆಯಲ್ಲ" ಅಂತ ಗಾಬರಿಯಾದರು. ಬೆಂಕಿ ಬಿದ್ದಿದ್ದಲ್ಲ, ಇಲಾಖೆಯವರೇ ಹಾಕಿದ್ದು. ಬೇಸಿಗೆಯಲ್ಲಿ ಬೆಂಕಿ ಹತ್ತಿದರೆ ದಾಟಿ ಆಚೆ ಹೋಗದಿರಲಿ ಅಂತ ಮೊದಲೇ ಹುಲ್ಲು ಸುಟ್ಟು ಪಟ್ಟಿ ಬಿಡುತ್ತಾರೆ, ಫೈರ್ ಲೈನ್ ಅನ್ನುವುದು ಇದಕ್ಕೇ. 2019ರ ಫೆಬ್ರವರಿಯಲ್ಲಿ ಇದೇ ಬಂಡೀಪುರದ ಸಾವಿರಾರು ಎಕರೆ ಸುಟ್ಟುಹೋಗಿದ್ದು ನೆನಪಿರಬೇಕು.

ಒಂದು ತಿರುವಿನಲ್ಲಿ ಫೈರ್ ವಾಚರ್‌ಗಳು ಸಿಕ್ಕರು. ಎಲ್ಲ ಸುತ್ತಲಿನ ಹಾಡಿ, ಹಳ್ಳಿಗಳ ಹುಡುಗರು. ಬೇಸಿಗೆ ಮಟ್ಟಿಗೆ ದಿನಗೂಲಿ ಕೆಲಸ. ಕೈಯಲ್ಲಿ ಹಸಿ ಸೊಪ್ಪಿನ ಕಟ್ಟು, ಬೆನ್ನಿಗೆ ನೀರಿನ ಕ್ಯಾನು, ಕಾಲಿಗೆ ಮಾಮೂಲಿ ಚಪ್ಪಲಿ. ಬೆಂಕಿ ಬಂದರೆ ಆ ಸೊಪ್ಪಿನಲ್ಲೇ ಬಡಿದು ಆರಿಸಬೇಕು. ಇಷ್ಟು ದೊಡ್ಡ ಕಾಡು ಬೇಸಿಗೆ ದಾಟುವುದು ಇವರ ಕೈಯಿಂದ. ಬಸ್ಸಿನಲ್ಲಿ ಮಾತ್ರ ಎಲ್ಲರ ಕಣ್ಣು ಹುಲಿ ಹೆಜ್ಜೆ ಮೇಲೆ. ಹುಲಿ ಕಾಣಲಿಲ್ಲ. ಸೀಳುನಾಯಿಗಳ ಗುಂಪು, ಕಾಟಿಗಳು, ಸೋಲಾರ್ ಪಂಪಿನಿಂದ ತುಂಬಿದ ಕೆರೆ ದಂಡೆಯಲ್ಲಿ ಮರಿ ಕಟ್ಟಿಕೊಂಡ ಆನೆ ಕಂಡವು.

ಮೈಸೂರು ಮಹಾರಾಜರ ಕಾಲದಲ್ಲಿ, 1931ರಲ್ಲಿ, ಇಲ್ಲಿ ಚಿಕ್ಕದೊಂದು ವನ್ಯಜೀವಿ ಉದ್ಯಾನ ಶುರುವಾಯಿತು. 1973ರಲ್ಲಿ ಹುಲಿ ಯೋಜನೆ ಬಂದಾಗ ದೇಶದ ಮೊದಲ ಒಂಬತ್ತು ಜಾಗಗಳಲ್ಲಿ ಬಂಡೀಪುರವೂ ಒಂದು. ಪ್ರವಾಸೋದ್ಯಮ ಎಷ್ಟಿರಬೇಕು ಅನ್ನೋ ಜಗಳ ಸುಪ್ರೀಂ ಕೋರ್ಟಿಗೂ ಹೋಗಿತ್ತು. 2012ರ ಜುಲೈನಲ್ಲಿ ಕೋರ್ಟು ಹುಲಿ ಮೀಸಲು ಪ್ರದೇಶಗಳ ಒಳಭಾಗದಲ್ಲಿ ಪ್ರವಾಸವನ್ನೇ ನಿಲ್ಲಿಸಿತು, ಅಕ್ಟೋಬರಿನಲ್ಲಿ ಷರತ್ತಿನ ಮೇಲೆ ಬಿಟ್ಟಿತು. ಕೋರ್ ಪ್ರದೇಶದ ನೂರಕ್ಕೆ 20 ಭಾಗಕ್ಕಿಂತ ಹೆಚ್ಚು ಪ್ರವಾಸಕ್ಕೆ ಬಳಸಬಾರದು ಅನ್ನೋ ಮಿತಿ ಆಗ ಬಂದಿದ್ದು. ನಾವೆಲ್ಲ ಸಫಾರಿಯಲ್ಲಿ ನೋಡೋ ಬಂಡೀಪುರ ಅದರ ಸಣ್ಣ ತುಂಡು ಮಾತ್ರ. ಅದೇ ಸರಿ.

ಮಧ್ಯಾಹ್ನ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಸ್ವಂತ ಗಾಡಿ ಬಿಡುವುದಿಲ್ಲ, ಬುಡದಲ್ಲಿ ನಿಲ್ಲಿಸಿ ಸರ್ಕಾರಿ ಬಸ್ಸು ಹತ್ತಬೇಕು, ಸಂಜೆಯೊಳಗೆ ಇಳಿಯಬೇಕು. ಕ್ಯೂನಲ್ಲಿ ಗೊಣಗುವವರು ಜಾಸ್ತಿ ಇದ್ದರು. ಆದರೆ ಮೇಲೆ ಹೋದಮೇಲೆ ಹಾರ್ನ್ ಇಲ್ಲ, ಡಿಕ್ಕಿ ತೆರೆದು ಊಟ ಹರಡಿಕೊಂಡವರಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ರಜೆಯಲ್ಲಿ ಜನ ನುಗ್ಗಿ ಕಾಲಿಡಲೂ ಜಾಗವಿಲ್ಲದ ಹಾಗಾಗಿತ್ತಲ್ಲ, ಆಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೇ ನಿಲ್ಲಿಸಬೇಕಾಯಿತು. ಗೋಪಾಲಸ್ವಾಮಿ ಬೆಟ್ಟದಲ್ಲಿ ಅಂಥದ್ದು ಆಗುವ ಮುಂಚೆಯೇ ಬಸ್ಸಿನ ಏರ್ಪಾಡು ಬಂದಿತ್ತು. ಡ್ರೈವರ್, ಕಂಡಕ್ಟರ್, ಬುಡದಲ್ಲಿ ಸೌತೆಕಾಯಿ ಮಾರೋ ಅಮ್ಮ, ಎಲ್ಲರಿಗೂ ಕೆಲಸ ಸಿಕ್ಕಿದೆ, ಬೆಟ್ಟವೂ ಉಸಿರಾಡುತ್ತಿದೆ.

ಶನಿವಾರ, ಕಾಡಂಚಿನ ಒಂದು ಹಳ್ಳಿ

ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿಯವರು ಬೇಡ ಅಂದರು.

ಅರಿಶಿನ ಕೀಳುವ ಕಾಲ. ಹೊಲದ ಮೂಲೆಯಲ್ಲಿ ದೊಡ್ಡ ಡ್ರಮ್ಮು ಇಟ್ಟು ಗೆಡ್ಡೆ ಬೇಯಿಸುತ್ತಿದ್ದರು. ಹಬೆ ಮುಖಕ್ಕೆ ಹೊಡೆಯುತ್ತಿತ್ತು, ಮಣ್ಣು ಮತ್ತು ಅರಿಶಿನ ಸೇರಿದ ಘಾಟು. ಬೆಂದ ಗೆಡ್ಡೆಯನ್ನು ಅಂಗಳದಲ್ಲಿ ಹರಡಿ ಒಣಗಿಸಿ, ಆಮೇಲೆ ಉಜ್ಜಿ ಪಾಲಿಶ್ ಮಾಡಬೇಕು. ಹಂದಿ ಕಾಟ ಇದಕ್ಕೂ ತಪ್ಪಿದ್ದಲ್ಲ, ಆದರೆ ಬಾಳೆ, ಕಬ್ಬು, ಜೋಳದಷ್ಟು ಅಲ್ಲ. ಅದಕ್ಕೇ ಕಾಡಿಗೆ ಹತ್ತಿರದ ಹೊಲಕ್ಕೆ ಅರಿಶಿನ, ಊರಿಗೆ ಹತ್ತಿರದ್ದಕ್ಕೆ ಬಾಳೆ ಅಂತ ಲೆಕ್ಕ ಹಾಕಿಕೊಂಡಿದ್ದಾರೆ ಆ ಮನೆಯ ಯಜಮಾನರು.

"ಕಂದಕ ತೋಡವ್ರೆ, ಬೇಲಿ ಹಾಕವ್ರೆ, ಇಲ್ಲ ಅನ್ನಲ್ಲ ಬುದ್ದಿ. ಆದ್ರ ಆನ ಏನ್ ದಡ್ಡ ಪ್ರಾಣಿಯಾ? ಕಾಲಲ್ಲಿ ಮಣ್ಣು ತಳ್ಳಿ ಕಂದಕ ಮುಚ್ಕೊಂಡು ಬತ್ತದ."

ಅವರೇ ಕರೆದುಕೊಂಡು ಹೋಗಿ ತೋರಿಸಿದರು. ಆನೆ ಕಂದಕದ ಒಂದು ಕಡೆ ದಂಡೆ ಕುಸಿದು ಇಳಿಜಾರಾಗಿತ್ತು, ಅದರ ಮೇಲೆ ಒಣಗಿದ ಲದ್ದಿ. ಸೋಲಾರ್ ಬೇಲಿಯ ತಂತಿಗೆ ಬಳ್ಳಿ ಹಬ್ಬಿ ಕರೆಂಟು ನೆಲಕ್ಕೆ ಇಳಿದುಹೋಗುತ್ತಿತ್ತು. ಬೇಲಿ ಹಾಕಲು ದುಡ್ಡು ಬರುತ್ತದೆ, ಬಳ್ಳಿ ಕಡಿಯುವ ಸಂಬಳಕ್ಕೆ ಬರುವುದಿಲ್ಲ. ಈಗೀಗ ಹಳೆ ರೈಲು ಕಂಬಿಯ ಬೇಲಿ ಹಾಕುತ್ತಿದ್ದಾರೆ. ಅದು ಗಟ್ಟಿ, ಆದರೆ ಖರ್ಚು ದೊಡ್ಡದು. ಎಲ್ಲಿಯವರೆಗೆ ಹಾಕಿದ್ದಾರೋ ಅಲ್ಲಿಗೆ ಮುಗಿಯುತ್ತದೆ, ಮುಂದಿನ ಊರಿಗೆ ಆನೆ ಕಾಟ ದುಪ್ಪಟ್ಟಾಗುತ್ತದೆ.

ರಾತ್ರಿ ಅವರು ಅಟ್ಟಣೆ ಮೇಲೆ ಕಾವಲು ಕೂರುತ್ತಾರೆ. ಟಾರ್ಚು, ಪಟಾಕಿ, ಒಂದು ಕಂಬಳಿ. ಮಗ ಹತ್ತಿರದ ರೆಸಾರ್ಟ್ ಒಂದರಲ್ಲಿ ಜೀಪ್ ಓಡಿಸುತ್ತಾನೆ. ಒಂದೇ ಮನೆಯಲ್ಲಿ ಅಪ್ಪ ಆನೆ ಓಡಿಸುತ್ತಾರೆ, ಮಗ ಆನೆ ತೋರಿಸುತ್ತಾನೆ. ಮಗನಿಗೆ ಕೆಲಸ ಕೊಟ್ಟಿದ್ದಕ್ಕೆ ಕಾಡಿನ ಮೇಲೆ ಅಪ್ಪನಿಗೆ ಸಿಟ್ಟು ಕಮ್ಮಿ, ಆದರೆ ಪಕ್ಕದ ಮನೆಯವರಿಗೆ ಅಂಥ ಕೆಲಸವಿಲ್ಲ. ಕಾಡಂಚಿನ ಪ್ರವಾಸೋದ್ಯಮದ ಲಾಭ ಹೀಗೆ ಮನೆ ಮನೆಗೆ ಬೇರೆ ಬೇರೆ. ಬೆಳೆ ಹಾನಿ ಮಾತ್ರ ಎಲ್ಲರಿಗೂ.

ಒಂದು ವಿಷಯ ನನಗೆ ಸಮಾಧಾನ ತಂದದ್ದು: 2006ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಹುಲಿ ಮೀಸಲು ಪ್ರದೇಶಗಳಿಗೆ ಹುಲಿ ಸಂರಕ್ಷಣಾ ಪ್ರತಿಷ್ಠಾನ ಅಂತ ಬಂದಿದೆ. ಪ್ರವಾಸಿಗರ ದುಡ್ಡು ಬೆಂಗಳೂರಿನ ಖಜಾನೆ ಸೇರದೆ ಅಲ್ಲೇ ಉಳಿಯಲಿ, ಕಾಡಿಗೂ ಸುತ್ತಲಿನ ಜನರಿಗೂ ಬಳಕೆಯಾಗಲಿ ಅನ್ನುವುದು ಉದ್ದೇಶ. ಆದರೆ ಈ ಯಜಮಾನರಿಗೆ ಹಾಗೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಎಷ್ಟು ಬಂತು, ಯಾವ ಊರಿಗೆ ಏನು ಮಾಡಿದರು ಅಂತ ಗ್ರಾಮಸಭೆಯಲ್ಲಿ ವರ್ಷಕ್ಕೊಮ್ಮೆ ಓದಿ ಹೇಳಿದರೆ ಸಾಕು. ಅದಕ್ಕೆ ಹೊಸ ಕಾನೂನೇನೂ ಬೇಡ.

ಭಾನುವಾರ, ಕ್ಯಾತದೇವರ ಗುಡಿ

ತೆರಕಣಾಂಬಿ ಮೇಲೆ ಚಾಮರಾಜನಗರ, ಅಲ್ಲಿಂದ ಕ್ಯಾತದೇವರ ಗುಡಿ ಇರುವ ಬಿಳಿಗಿರಿರಂಗನ ಬೆಟ್ಟದ ಕಾಡು. ಚೆಕ್‌ಪೋಸ್ಟಿನಲ್ಲಿ ಗಾಡಿ ನಂಬರ್ ಬರೆದುಕೊಂಡರು, ಪ್ಲಾಸ್ಟಿಕ್ ಇದೆಯಾ ಅಂತ ಕೇಳಿದರು. ಮೊದಲು ಕುರುಚಲು, ಏರುತ್ತಾ ಹೋದಂತೆ ದೊಡ್ಡ ಮರ, ಇನ್ನೂ ಮೇಲೆ ಶೋಲಾ ಮತ್ತು ಹುಲ್ಲುಗಾವಲು. ಒಂದೇ ಮಧ್ಯಾಹ್ನದಲ್ಲಿ ಇಷ್ಟು ಬಗೆಯ ಕಾಡು ನೋಡಲು ಸಿಗುವುದು ಅಪರೂಪ.

ಸಂಜೆ ರಂಗನಾಥನ ದೇವಸ್ಥಾನ. ಈ ಕಾಡಿನ ಮೂಲನಿವಾಸಿಗಳಾದ ಸೋಲಿಗರಿಗೆ ಈ ದೇವರು ರಂಗಭಾವ, ಅವರ ಮನೆಮಗಳು ಕುಸುಮಾಲೆಯನ್ನು ಮದುವೆಯಾದವನು. ದೇವರೇ ನೆಂಟ ಆದಮೇಲೆ ಬೆಟ್ಟ ಬೇರೆಯವರದ್ದು ಹೇಗಾದೀತು ಅಂತ ಒಬ್ಬ ಅಜ್ಜ ಕೇಳಿದರು.

ಸೋಮವಾರ, ಪೋಡು

ಈ ಪ್ರವಾಸದಲ್ಲಿ ನನಗೆ ಮುಖ್ಯ ಅನ್ನಿಸಿದ ದಿನ ಇದು.

ಆ ಅಜ್ಜ ಬೆಳಿಗ್ಗೆ ಪೋಡಿಗೆ ಕರೆದಿದ್ದರು. ಪೋಡು ಅಂದರೆ ಸೋಲಿಗರ ಊರು. 1974ರಲ್ಲಿ ಈ ಬೆಟ್ಟದ ಕಾಡು ವನ್ಯಜೀವಿಧಾಮವಾಯಿತು. ಅದಕ್ಕೂ ಮೊದಲು ಇವರು ಕಾಡಿನಲ್ಲಿ ಜಾಗ ಬದಲಿಸುತ್ತಾ ರಾಗಿ ಬೆಳೆಯುತ್ತಿದ್ದರು. ಬೇಟೆ ನಿಂತಿತು, ಜಾಗ ಬದಲಿಸುವ ಬೇಸಾಯ ನಿಂತಿತು, ಒಂದೇ ಕಡೆ ಕೂರಿಸಿದರು. ಉಳಿದಿದ್ದು ಜೇನು, ನೆಲ್ಲಿಕಾಯಿ, ಸೀಗೆ, ಅಂಟುವಾಳ, ಕಲ್ಲುಹೂವು. ಲ್ಯಾಂಪ್ಸ್ ಅನ್ನುವ ಬುಡಕಟ್ಟು ಜನರ ಸಹಕಾರ ಸೊಸೈಟಿಗೆ ಅವನ್ನು ಮಾರಿ ಮನೆ ನಡೆಯುತ್ತಿತ್ತು. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂತು, ಅಭಯಾರಣ್ಯದಿಂದ ಮಾರಾಟಕ್ಕೆ ಏನೂ ತರುವಂತಿಲ್ಲ ಅಂತಾಯಿತು. ಕೆಲವು ವರ್ಷಗಳಲ್ಲಿ ಇಲ್ಲೂ ಅದನ್ನು ಜಾರಿ ಮಾಡಿದರು. ಎಷ್ಟೋ ಮನೆಯವರು ಕೂಲಿಗೆ ಎಸ್ಟೇಟುಗಳ ಕಡೆ ಹೊರಟರು.

ಅಜ್ಜ ಒಂದು ನೆಲ್ಲಿ ಮರದ ಕೆಳಗೆ ನಿಲ್ಲಿಸಿ ಕೊಂಬೆ ತೋರಿಸಿದರು. ಮರದ್ದಲ್ಲದ ದಪ್ಪ ಎಲೆಯ ಗೊಂಚಲು ಕೊಂಬೆಗೆ ಅಂಟಿಕೊಂಡು ಬೆಳೆದಿತ್ತು. ಉಪ್ಪಿಲು ಅನ್ನುತ್ತಾರೆ, ಮರದ ಸಾರ ಹೀರುವ ಬಂದಳಿಕೆ. ಅದು ಹಿಡಿದ ಕೊಂಬೆ ಒಣಗುತ್ತಾ ಬರುತ್ತದೆ. "ಮೊದ್ಲು ತರಗು ಬೆಂಕಿ ಹಾಕ್ತಿದ್ವಿ. ಸಣ್ಣ ಬೆಂಕಿ, ಮೊಣಕಾಲು ಮಟ್ಟ. ಆಗ ಉಪ್ಪಿಲು ಇಷ್ಟು ಇರ್ತಿರಲಿಲ್ಲ, ಲಂಟಾನನೂ ಹಿಂಗ್ ಎದ್ದಿರಲಿಲ್ಲ. ಬೆಂಕಿ ಬೇಡ ಅಂದ್ರು. ಈಗ ನೋಡಿ."

ಕಡು ಬೇಸಿಗೆಗೆ ಮುಂಚೆ, ಇಬ್ಬನಿ ಇನ್ನೂ ಇರುವಾಗ, ಉದುರಿದ ಎಲೆಗೆ ಮಾತ್ರ ಹಾಕುವ ಬೆಂಕಿ ಅದು. ಬಂಡೀಪುರದಲ್ಲಿ ಇಲಾಖೆ ರಸ್ತೆ ಬದಿ ಸುಟ್ಟದ್ದನ್ನು ನೋಡಿ ಬಂದಿದ್ದೆ. ಸೋಲಿಗರು ಮಾಡುತ್ತಿದ್ದದ್ದು ಅದಕ್ಕಿಂತ ವಿಶಾಲವಾದ, ಕಾಡಿನ ಒಳಗೇ ಮಾಡುವ ಅದೇ ಕೆಲಸ. ಈಗ ಪೊದೆ ಎಷ್ಟು ದಟ್ಟವಾಗಿದೆಯೆಂದರೆ ಪೋಡಿನ ಹಿಂದೆ ಹತ್ತು ಹೆಜ್ಜೆ ಹೋಗಲು ಆಗುವುದಿಲ್ಲ. ಲಂಟಾನ ಅನ್ನುವ ಈ ಕಳೆಪೊದೆಯ ಕೆಳಗೆ ಹುಲ್ಲು ಬೆಳೆಯುವುದಿಲ್ಲ, ಹುಲ್ಲಿಲ್ಲದಿದ್ದರೆ ಜಿಂಕೆಗೆ ಮೇವಿಲ್ಲ. ಹಾಗಂತ ನಾಳೆಯೇ ಎಲ್ಲ ಕಡೆ ಬೆಂಕಿ ಹಾಕಿ ಅನ್ನುವುದಲ್ಲ, ಇಷ್ಟು ವರ್ಷ ಪೊದೆ ಬೆಳೆದ ಮೇಲೆ ಸಣ್ಣ ಬೆಂಕಿ ಸಣ್ಣದಾಗಿ ಉಳಿಯುವುದು ಕಷ್ಟ. ಮೊದಲು ಪೊದೆ ಕಡಿಯಬೇಕು, ಆಮೇಲೆ ಗೊತ್ತಿರುವವರ ಕೈಯಲ್ಲಿ ಸಣ್ಣ ಸಣ್ಣ ತುಂಡುಗಳಲ್ಲಿ ಹಾಕಿ ನೋಡಬೇಕು. ಆ ಗೊತ್ತಿರುವವರಿಗೆ ಈಗಾಗಲೇ ವಯಸ್ಸಾಗಿದೆ.

2011ರಲ್ಲಿ ಎರಡು ದೊಡ್ಡ ಸಂಗತಿ ನಡೆದವು. ಬಿಳಿಗಿರಿರಂಗನ ಬೆಟ್ಟ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಇಲ್ಲಿನ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಮೀಸಲಿನ ಒಳಗೇ ಹೀಗೆ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಜೇನು, ನೆಲ್ಲಿ ತರುವ, ಕಾಡನ್ನು ಕಾಯುವ, ನೋಡಿಕೊಳ್ಳುವ ಹಕ್ಕು. 2006ರ ಆ ಕಾಯ್ದೆ ಬರುವ ಎಷ್ಟೋ ಮುಂಚೆ, 1988ರ ರಾಷ್ಟ್ರೀಯ ಅರಣ್ಯ ನೀತಿಯೇ ಹೇಳಿತ್ತು: ಕಾಡು ಮೊದಲು ಪರಿಸರದ ಸಮತೋಲಕ್ಕೆ, ಆದಾಯ ಆಮೇಲೆ, ಕಾಡಿನಲ್ಲಿ ಸಿಗುವುದರ ಮೇಲೆ ಮೊದಲ ಪಾಲು ಕಾಡಿನಲ್ಲಿ, ಅದರ ಅಕ್ಕಪಕ್ಕದಲ್ಲಿ ಇರುವವರದ್ದು. 1952ರ ನೀತಿ ದೇಶದ ಅಗತ್ಯವನ್ನು ಮುಂದಿಟ್ಟು ಹಳ್ಳಿಯವರನ್ನು ಹಿಂದಕ್ಕೆ ಸರಿಸಿತ್ತು, ಅದನ್ನು ತಿರುಗಿಸಿದ್ದು 1988. ಆದರೆ ಕಾಗದದ ಮೇಲೆ ತಿರುಗಿದ್ದು ನೆಲದ ಮೇಲೆ ಅರ್ಧದಷ್ಟೂ ತಿರುಗಿಲ್ಲ. ಅಜ್ಜ ಹಕ್ಕುಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದಾರೆ. ತೆಗೆದು ತೋರಿಸಿದರು. ಅದಿದ್ದರೂ ಕಾಡಿಗೆ ಏನು ಮಾಡಬೇಕು ಅನ್ನುವ ಯೋಜನೆ ಬರೆಯುವಾಗ ಇವರನ್ನು ಕರೆದು ಕೂರಿಸುವುದು ಇನ್ನೂ ರೂಢಿಯಾಗಿಲ್ಲ.

ಇವರ ಕಾಡು ನಮ್ಮ ನಕ್ಷೆಯ ರೇಂಜು, ಬೀಟುಗಳಲ್ಲಿ ಇಲ್ಲ. ಎಲ್ಲೆಗಳಲ್ಲಿದೆ. ಒಂದೊಂದು ಕುಲಕ್ಕೆ ಒಂದೊಂದು ಎಲ್ಲೆ, ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಐದು ಬಗೆಯ ಪವಿತ್ರ ಜಾಗಗಳು. ಭಾರ್ಗವಿ ಹೊಳೆ ಪಕ್ಕದ ದೊಡ್ಡಸಂಪಿಗೆ ಮರ ಎಲ್ಲರಿಗೂ ಗೊತ್ತು, ಆದರೆ ಅಂಥ ಜಾಗಗಳು ಇಡೀ ಬೆಟ್ಟದ ತುಂಬ ಇವೆ. ದೊಡ್ಡಸಂಪಿಗೆಗೆ ನಾವು ಹೋಗಲಿಲ್ಲ. ಅದು ಅವರ ಪೂಜೆಯ ಜಾಗ, ಎಲ್ಲ ಪ್ರವಾಸಿಗರೂ ನೋಡಲೇಬೇಕು ಅಂತೇನಿಲ್ಲವಲ್ಲ.

ಅಂಗಳದಲ್ಲಿ ಕಾಫಿ ಹಣ್ಣು ಒಣಗಲು ಹಾಕಿದ್ದರು. ಮನೆಯ ಸೊಸೆ ಕಾಲಿನಿಂದಲೇ ಅದನ್ನು ಸಾಲು ಸಾಲಾಗಿ ತಿರುವುತ್ತಾ ಮಾತಾಡಿದರು. ಹಲಸು, ಕಾಡುಮರಗಳ ನೆರಳಿನಲ್ಲಿ ಬೆಳೆದ ಕಾಫಿ, ಜೊತೆಗೆ ಮೆಣಸು. "ಅಂಗಡಿಯವ್ರು ಬಂದು ಹಸಿ ಹಣ್ಣೇ ಕೊಂಡ್ಕೊಂಡು ಹೋಗ್ತಿದ್ರು, ಅವ್ರು ಹೇಳಿದ್ದೇ ರೇಟು. ಈಗ ಒಣಗ್ಸಿ ಇಟ್ಕೋತೀವಿ. ರೇಟು ಬಂದಾಗ ಕೊಡ್ತೀವಿ" ಅಂದರು. ಬೆಟ್ಟಕ್ಕೆ ಬರುವ ಪ್ರವಾಸಿಗರಿಗೆ ಕಾಫಿ ಪುಡಿ ನೇರವಾಗಿ ಮಾರಬಹುದಲ್ಲ ಅಂದೆ. "ಅವ್ರು ಗಾಡಿ ನಿಲ್ಸದೇ ಇಲ್ಲ ಅಣ್ಣ. ಗುಡಿಗೆ ಹೋಗ್ತಾರೆ, ಸಫಾರಿಗೆ ಹೋಗ್ತಾರೆ, ಇಳೀತಾರೆ" ಅಂದರು. ದೇವಸ್ಥಾನದ ಹತ್ತಿರ ಅಥವಾ ಸಫಾರಿ ಕೌಂಟರ್ ಪಕ್ಕ ಪೋಡುಗಳ ಜೇನು, ಕಾಫಿ, ಮೆಣಸಿಗೆ ಒಂದು ಖಾಯಂ ಅಂಗಡಿ, ಅದರ ಲೆಕ್ಕ ಗ್ರಾಮಸಭೆಯ ಕೈಯಲ್ಲಿ. ಇಷ್ಟು ಸಣ್ಣ ಕೆಲಸದಿಂದ ಎಷ್ಟು ಮನೆಗೆ ಅನುಕೂಲವಾದೀತು ಅಂತ ದಾರಿಯುದ್ದಕ್ಕೂ ಅದೇ ಯೋಚನೆ.

ಮಂಗಳವಾರ, ಮಾದಪ್ಪನ ಬೆಟ್ಟ

ಯಳಂದೂರು, ಕೊಳ್ಳೇಗಾಲ, ಹನೂರು ದಾಟಿ ತಾಳಬೆಟ್ಟಕ್ಕೆ ಬಂದರೆ ಅಲ್ಲಿಂದಲೇ ಪಾದಯಾತ್ರೆಯವರು. 2013ರಲ್ಲಿ ವನ್ಯಜೀವಿಧಾಮವಾದ ಈ ಕಾಡು 900 ಚದರ ಕಿಲೋಮೀಟರಿಗಿಂತ ದೊಡ್ಡದು. ಇಲ್ಲಿ ಜನ ಬರುವುದು ಪ್ರಾಣಿ ನೋಡಲು ಅಲ್ಲ, ಮಾದಪ್ಪನಿಗೆ. ಸಫಾರಿಗೆ ಹಾಕುವ ಮಿತಿಯನ್ನು ಹರಕೆ ಹೊತ್ತು ನಡೆದು ಬರುವವರಿಗೆ ಹಾಕಲು ಆಗುವುದಿಲ್ಲ, ಹಾಕಲೂಬಾರದು. ಆದರೆ ದಾರಿಯ ಪಕ್ಕದ ನೀರಿನ ಪ್ಯಾಕೆಟ್, ಬಾಟಲಿಗಳ ರಾಶಿ ನೋಡಿ ಹೊಟ್ಟೆ ಉರಿಯಿತು. ದಾರಿಯಲ್ಲಿ ಅಲ್ಲಲ್ಲಿ ನಲ್ಲಿ ಹಾಕಿ, ಪ್ಲಾಸ್ಟಿಕ್ಕನ್ನು ಬುಡದಲ್ಲೇ ತಡೆದರೆ ಆಯಿತು. ಮಾದಪ್ಪ ಹುಲಿ ಏರಿದವನು ಅಂತ ಹಾಡುವ ಜನ ಇವರು. ಕಾಡಿನ ವಿಷಯ ಇವರಿಗೆ ಹೊಸದಾಗಿ ಹೇಳಿಕೊಡುವ ಅಗತ್ಯವಿಲ್ಲ, ಅನುಕೂಲ ಮಾಡಿಕೊಡಬೇಕು ಅಷ್ಟೆ.

ಮಧ್ಯಾಹ್ನ ಲಂಟಾನದ ಪೀಠೋಪಕರಣ ಮಾಡುವ ಕಡೆ ಹೋದೆವು. ಬಿದಿರು ಸಿಗುವುದು ಕಷ್ಟವಾದ ಮೇಲೆ ಇಲ್ಲಿನ ಸೋಲಿಗರು ಮತ್ತಿತರರು ಲಂಟಾನ ಹಿಡಿದರು. ಕಡ್ಡಿಗಳನ್ನು ಉದ್ದನೆಯ ಡ್ರಮ್ಮಿನಲ್ಲಿ ಬೇಯಿಸುತ್ತಾರೆ. ಬೆಂದಾಗ ಸಿಪ್ಪೆ ಬಿಡುತ್ತದೆ, ಕಡ್ಡಿ ಹೇಳಿದಂತೆ ಬಾಗುತ್ತದೆ. ಬಿಸಿ ಇರುವಾಗಲೇ ಬಗ್ಗಿಸಿ ಮೊಳೆ ಹೊಡೆಯಬೇಕು. ಒಬ್ಬ ಅಕ್ಕ ಕುರ್ಚಿಯ ಕೈಯನ್ನು ಮೊಣಕಾಲಿಗೆ ಒತ್ತಿ ಬಗ್ಗಿಸುತ್ತಿದ್ದರು, ಅಳತೆ ಕಡ್ಡಿ ಇರಲಿಲ್ಲ, ಕಣ್ಣಳತೆಯೇ. ಗೆದ್ದಲು ಹಿಡಿಯುವುದಿಲ್ಲ ಅಂದರು. ಎರಡು ಕುರ್ಚಿಗೆ ಹೇಳಿ ಮುಂಗಡ ಕೊಟ್ಟು ಬಂದೆವು. ಇದರಿಂದ ಕಾಡಿನ ಲಂಟಾನವೆಲ್ಲ ಮುಗಿಯುತ್ತದೆ ಅನ್ನುವ ಭ್ರಮೆ ಬೇಡ, ಕಡಿದದ್ದಕ್ಕಿಂತ ಜೋರಾಗಿ ಅದು ಮತ್ತೆ ಚಿಗುರುತ್ತದೆ. ಆದರೆ ಕಾಡಿಗೆ ಬೇಡದ್ದನ್ನು ತಂದು ಮನೆ ನಡೆಸುವುದಕ್ಕಿಂತ ಒಳ್ಳೆ ಏರ್ಪಾಡು ನಾನಂತೂ ಬೇರೆಲ್ಲೂ ನೋಡಿಲ್ಲ.

ಬಂದ ಮೇಲೆ

ಇದನ್ನು ಬರೆಯಲು ತಡವಾಯಿತು. ಅಷ್ಟರಲ್ಲಿ ಜೂನ್‌ನಲ್ಲಿ ಮಾದಪ್ಪನ ಬೆಟ್ಟದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಕ್ಕೆ ಸತ್ತವು. ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದರು. ಅಕ್ಟೋಬರ್, ನವೆಂಬರಿನಲ್ಲಿ ಮೈಸೂರು ಜಿಲ್ಲೆಯ ಸರಗೂರು ಕಡೆ ಹುಲಿ ದಾಳಿಗೆ ಒಬ್ಬರ ಮೇಲೊಬ್ಬರು ರೈತರು ಸತ್ತರು. ಸರ್ಕಾರ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸಫಾರಿ ನಿಲ್ಲಿಸಿತು, ಅಲ್ಲಿನ ಸಿಬ್ಬಂದಿಯನ್ನು ಹುಲಿ ಹುಡುಕುವ ಕೆಲಸಕ್ಕೆ ಹಾಕಿತು.

ಅರಿಶಿನದ ಹೊಲದ ಯಜಮಾನರ ಮಗನಿಗೆ ಫೋನ್ ಮಾಡಿದೆ. ಜೀಪ್ ನಿಂತಿದೆ, ಬಾಳೆ ಲೋಡಿಂಗಿಗೆ ಹೋಗುತ್ತಿದ್ದೇನೆ ಅಂದ. ಸಫಾರಿ ನಿಲ್ಲಿಸಿ ಅಂತ ಊರಿನವರು ರಸ್ತೆಯಲ್ಲಿ ಕೂತಾಗ ಅವರಪ್ಪನೂ ಕೂತಿದ್ದರಂತೆ. ಮನೆಯಲ್ಲಿ ಜಗಳವಾಯಿತಾ ಅಂದೆ. "ಇಲ್ಲಣ್ಣ, ಅಪ್ಪ ಹೇಳೋದು ಸರಿನೇ. ರಾತ್ರಿ ಗದ್ದೆಗೆ ಹೋಗೋರು ಅವ್ರು. ಆದ್ರೆ ಸಫಾರಿ ತೆಗೀಬೇಕೋ ಬೇಡ್ವೋ ಅಂತ ಮೀಟಿಂಗ್ ಮಾಡೋವಾಗ ನಮ್ಮಿಬ್ರಲ್ಲಿ ಒಬ್ರನ್ನಾದ್ರೂ ಕರೀಬೋದಿತ್ತು" ಅಂದ.